ಗೇಟಿಲ್ಲದ ಹೊಳೆ

"ನಾನೂ ಬರತೀನಿ" ಎಂದ ಅಪ್ಪ.

ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಹಂಚಿನ ಮುಂದೆ ಕೂತಿದ್ದ ಅವ್ವ ಕೂತಲ್ಲೇ ತಿರುಗಿದಳು. ಅಪ್ಪ ಕಾಲುವೆಯ ಗ್ಯಾಂಗ್‌ಮನ್. ನಾನು ಹುಟ್ಟುವ ಮೊದಲಿನಿಂದಲೂ ವಳಕಮದಿನ್ನಿಯ ಹತ್ತಿರದ ಉಪಕಾಲುವೆಯ ಒಂದು ಪಟ್ಟಿ ಅವನದು. ಗೇಟು ಏರಿಸುವುದು, ಇಳಿಸುವುದು, ಬೆಳಿಗ್ಗೆ ಆರಕ್ಕೆ ಗೇಜ್ ನೋಡಿ ನೀರು ಎಷ್ಟು ಅಡಿ, ಎಷ್ಟು ಇಂಚು, ಎಷ್ಟು ನೂಲಿದೆ ಎಂದು ಸಾಹೇಬರಿಗೆ ಫೋನ್ ಮಾಡುವುದು, ಕೊನೆಭಾಗದ ರೈತರಿಂದ ಬೈಸಿಕೊಳ್ಳುವುದು ಅವನ ಕೆಲಸ. ನಾನು ರಾಜ್ಯಮಟ್ಟದ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ದಿನ ಅವನು ಬಂದಿರಲಿಲ್ಲ. ಸ್ವಂತ ತಂಗಿಯ ಮಗನ ಮದುವೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಬಂದು, ಊಟಕ್ಕೂ ನಿಲ್ಲದೆ ಹೋಗಿದ್ದ. ಎಲ್ಲದಕ್ಕೂ ಅವನಲ್ಲಿ ಒಂದೇ ಕಾರಣವಿರುತ್ತಿತ್ತು, ಕಾಲುವೆಗೆ ನೀರು ಬಿಟ್ಟಾರ. ಅಂಥ ಮನುಷ್ಯ ಈಗ ಉತ್ತರ ಕನ್ನಡದ ಕಾಡಿನ ನದಿಯಲ್ಲಿ ದೋಣಿ ನಡೆಸಿ, ದಂಡೆಯಲ್ಲಿ ಟೆಂಟು ಹಾಕಿ ಮಲಗಲು ಬರುತ್ತೇನೆ ಎನ್ನುತ್ತಿದ್ದ.

ಪ್ರವಾಸ ಯೋಚಿಸಿದ್ದು ನಾನು ಮತ್ತು ನನ್ನ ಗೆಳತಿ. ನಾನು ಲಿಂಗಸುಗೂರಿನ ಪಿಯು ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ, ಅವಳು ಅಲ್ಲೇ ಇತಿಹಾಸ. ದಿನಾ ನಾನು ಸಿಂಧನೂರಿನಲ್ಲಿ ಬಸ್ಸು ಹತ್ತುತ್ತೇನೆ, ಅವಳು ಮಸ್ಕಿಯಲ್ಲಿ ಹತ್ತಿ ನಾನು ಬ್ಯಾಗಿಟ್ಟು ಹಿಡಿದ ಸೀಟಿನಲ್ಲಿ ಕೂರುತ್ತಾಳೆ. ಆ ಸೀಟಿನಲ್ಲೇ ಇಡೀ ಯೋಜನೆ ತಯಾರಾಯಿತು. ಕೆನೋ ಎಂಬ ಉದ್ದ, ಸಣ್ಣ ಮೈಯ ದೋಣಿ. ಒಂದೊಂದರಲ್ಲಿ ಇಬ್ಬರು. ಮೊದಲ ಸಲದವರಿಗೆ ಮೊದಲ ದಿನ ಎರಡೇ ತಾಸು ಹುಟ್ಟು ಹಾಕುವುದು, ಅದೂ ನೀರು ಶಾಂತವಿರುವ ಕಡೆ. ಒಂದು ರಾತ್ರಿ ದಂಡೆಯಲ್ಲಿ, ಮರುದಿನ ವಾಪಸು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ನಾಲ್ಕು ದಿನ ಕೆಡದ ಈ ಊಟ ನಮಗೆ ಹುಟ್ಟಿನಿಂದ ಗೊತ್ತಿರುವಾಗ ಪೊಟ್ಟಣದ ನೂಡಲ್ಸ್ ಯಾಕೆ ಎಂದು ನಾನು ವಾದಿಸಿ ಗೆದ್ದಿದ್ದೆ. ನಾನು ಸಾಮಾನ್ಯವಾಗಿ ಗೆಲ್ಲುತ್ತೇನೆ. ಇದು ಹೆಮ್ಮೆಯ ಮಾತಲ್ಲ. ಯಾಕಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಯಾಕೆ ಬರ್ತಿ ಎಂದು ಅಪ್ಪನನ್ನು ಕೇಳಿದೆ. ಕಾರಣ ಕೇಳದೆ ಯಾವ ಮಾತನ್ನೂ ಒಪ್ಪುವ ಅಭ್ಯಾಸ ನನಗಿಲ್ಲ.

"ಯಾರೂ ಬಿಡಲಾರದ ನೀರು ಹೆಂಗ ಹರಿತೈತಿ ಅಂತ ಒಮ್ಮಿ ನೋಡಬೇಕಾಗೈತಿ" ಎಂದ.

ನಾನು ತಕ್ಷಣ ಎದುರು ಪಕ್ಷಕ್ಕೆ ನಿಂತೆ. ದಢೇಸುಗೂರಿಗೆ ಹೋದರೆ ತುಂಗಭದ್ರೆಯೇ ಇದ್ದಾಳಲ್ಲ ಎಂದೆ. ಮೇಲೆ ಡ್ಯಾಮಿದೆ, ಅವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಬಂಡೆ ಎಂದ. ಲಿಂಗಸುಗೂರಿನ ಆಚೆ ಕೃಷ್ಣೆ? ಅದಕ್ಕೂ ಡ್ಯಾಮು. ಮಸ್ಕಿ ಹಳ್ಳ? ಅದಕ್ಕೂ ಒಂದು ಕಟ್ಟಿದ್ದಾರೆ, ಕೆಳಗೆ ಬರೀ ಮರಳು. ಮಳೆಯನ್ನು ಯಾರು ಬಿಡುತ್ತಾರೆ ಎಂದು ಕೊನೆಯ ಬಾಣ ಬಿಟ್ಟೆ. ತಾನು ಹೇಳುತ್ತಿರುವುದು ಬೀಳುವ ನೀರಲ್ಲ, ಹರಿಯುವ ನೀರು ಎಂದು ಅಪ್ಪ ಮುದ್ದೆಪಲ್ಯಕ್ಕೆ ಕೈ ಹಾಕಿದ. ನಾನು ಎದುರಾಳಿಗಳ ಮಾತಿನಲ್ಲಿ ಬಿರುಕು ಹುಡುಕುವುದನ್ನು ಕಲಿತವಳು. ಈ ಮಾತಿನಲ್ಲಿ ಬಿರುಕಿರಲಿಲ್ಲ. ಐವತ್ತೆಂಟು ವರ್ಷದ ಮನುಷ್ಯ, ಬದುಕೆಲ್ಲಾ ನೀರಿನ ಪಕ್ಕದಲ್ಲೇ ನಡೆದವನು, ತಾನಾಗಿಯೇ ಹರಿಯುವ ಹೊಳೆಯನ್ನು ನೋಡಿಲ್ಲ. ನನಗೆ ಇದು ಈವರೆಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಪ್ರವಾಸ ಅಪ್ಪನದಾಯಿತು. ಎರಡನೇ ಬೆಳೆಗೆ ಬಿಟ್ಟ ನೀರು ನಿಂತು ಕಾಲುವೆ ಬಂದ್ ಆಗುವುದು ಏಪ್ರಿಲ್‌ನಲ್ಲಿ. ಅವನಿಗೆ ರಜೆ ಸಿಗುವುದು ಆಗಲೇ. ನದಿಯ ಹತ್ತಿರ ದೋಣಿಗಳನ್ನು ಇಟ್ಟುಕೊಂಡಿರುವವರಿಗೆ ಫೋನ್ ಮಾಡಿ ಬೇಸಿಗೆಯಲ್ಲಿ ನೀರಿರುತ್ತದೆಯೇ ಎಂದು ಕೇಳಿದೆ. ನಮ್ಮ ಹೊಳೆಯಲ್ಲಿ ಬೇಸಿಗೆಯಲ್ಲೂ ನೀರಿಗೇನೂ ಕೊರತೆಯಿಲ್ಲ ಎಂದರು. ಸುತ್ತಲಿನ ಹಳ್ಳಗಳೆಲ್ಲ ಬತ್ತುವ ಕಾಲದಲ್ಲಿ ಇದೊಂದರಲ್ಲಿ ಮಾತ್ರ ನೀರು ಯಾಕಿರುತ್ತದೆ ಎಂದು ನಾನು ಕೇಳಲಿಲ್ಲ. ಹತ್ತು ರೂಪಾಯಿಯ ಪೆನ್ನಿಗೂ ನಾಲ್ಕು ಪ್ರಶ್ನೆ ಕೇಳುವ ನಾನು ಇದನ್ನು ಕೇಳಲಿಲ್ಲ.

ಟೆಂಟು ಎಲ್ಲಿ ಹಾಕುವುದು ಎಂಬುದನ್ನು ಗೆಳತಿ ನಿರ್ಧರಿಸಿದಳು. ಅವರು ಕಳಿಸಿದ ಫೋಟೊದಲ್ಲಿ ನದಿಯ ತಿರುವಿನಲ್ಲಿ ಒಂದು ಮರಳದಿಣ್ಣೆ ಇತ್ತು. ನುಣ್ಣಗೆ, ಬೆಳ್ಳಗೆ, ಕಾಡಿನ ಕಡೆಯಿಂದ ಬಿಡಿಸಿಕೊಂಡಂತೆ. ಅವಳ ಊರು ಪಾಮನಕಲ್ಲೂರು. ಅಲ್ಲಿ ಹಳ್ಳದ ಮರಳು ವರ್ಷದ ಹೆಚ್ಚಿನ ಕಾಲ ಊರಿನ ಅತ್ಯಂತ ಒಣಗಿದ ಜಾಗ. ಹೊಲಕ್ಕೆ ಹೋದವರು ಬುತ್ತಿ ಬಿಚ್ಚುವುದು ಅಲ್ಲಿ, ಕುರಿಯವರು ಅಡ್ಡಾಗುವುದು ಅಲ್ಲಿ. ಮರಳಿನ ಮೇಲೆ ಮಲಗಿದರೆ ಹುಳಹುಪ್ಪಟೆಯ ಭಯವಿಲ್ಲ, ಮೈನೋವೂ ಇಲ್ಲ ಎಂದಳು. ನನಗೆ ಅದು ಸರಿ ಎನಿಸಿತು. ಫೋನಿನಲ್ಲಿ ದೋಣಿಯವರು ಮರಳಿನ ಮೇಲೆ ಬೇಡ ಮೇಡಂ, ಮೇಲಿನ ದಂಡೆ ಒಳ್ಳೆಯದು ಎಂದರು. ಕಾರಣ ಹೇಳಲು ಅವರು ಬಾಯಿ ತೆರೆಯುವ ಮೊದಲೇ ನಾನು ಮೂರು ಕಾರಣ ಕೊಟ್ಟೆ: ಮೇಲಿನ ದಂಡೆಯಲ್ಲಿ ಹಾವಿರಬಹುದು, ಬೇರುಗಳಿರುತ್ತವೆ, ಮರದ ಕೊಂಬೆ ಬೀಳಬಹುದು. ಅವರು ನಕ್ಕು, ಆಯ್ತು, ಬಂದ ಮೇಲೆ ನೋಡುವ ಎಂದರು. ನಾನು ನೋಟ್‌ಬುಕ್ಕಿನಲ್ಲಿ 'ಮರಳು, ಖಾಯಂ' ಎಂದು ಬರೆದು ಅಡಿಗೆರೆ ಎಳೆದೆ. ನಮ್ಮನ್ನು ಸಂಜೆ ಅಲ್ಲಿಗೆ ಮುಟ್ಟಿಸಿ ಅವರು ತಮ್ಮ ಮನೆಗೆ ಹೋಗುತ್ತಾರೆ, ಬೆಳಿಗ್ಗೆ ಬರುತ್ತಾರೆ ಎಂದು ಅದರ ಕೆಳಗೇ ಬರೆದಿದ್ದೆ. ಅಪ್ಪನ ಹೆಸರಿನ ಮುಂದೆ 'ಈಜು ಬಲ್ಲವರು' ಎಂದು ಬರೆದಿದ್ದೆ.

ಆ ಕೊನೆಯ ಸಾಲು ಫೆಬ್ರುವರಿಯ ಒಂದು ಭಾನುವಾರ ಬಿದ್ದುಹೋಯಿತು. ಹೊರಡುವ ಮೊದಲು ಪ್ರತಿಯೊಬ್ಬರೂ ಲೈಫ್ ಜಾಕೆಟ್ ತೊಟ್ಟು ಸ್ವಲ್ಪ ಹೊತ್ತು ನೀರಿನಲ್ಲಿದ್ದು ಅಭ್ಯಾಸ ಮಾಡಿ ಎಂದು ದೋಣಿಯವರು ಹೇಳಿದ್ದರು. ಒಂದು ಜಾಕೆಟ್ ಎರವಲು ತಂದು ಮೂವರೂ ದಢೇಸುಗೂರಿನ ಹತ್ತಿರ ಹೊಳೆಗೆ ಹೋದೆವು. ಸೊಂಟಮಟ್ಟದ ನೀರು. ಹರಿಗೋಲು ನಡೆಸುವ ಮುದುಕನೊಬ್ಬ ದಂಡೆಯಲ್ಲಿ ಬೀಡಿ ಸೇದುತ್ತಾ, ಇಷ್ಟು ನೀರಿಗೆ ಅಂಗಿ ಯಾಕ ಹಾಕ್ಕೊಂಡೀರಿ ತಾಯಿ, ಎಮ್ಮಿನೂ ಮುಣಗಂಗಿಲ್ಲ ಎಂದು ನಗುತ್ತಿದ್ದ. ಗೆಳತಿ ಮೊದಲು ಇಳಿದಳು, ಆಮೇಲೆ ನಾನು. ಅಪ್ಪ ಧೋತರದ ಅಂಚು ಎತ್ತಿ ಹಿಡಿದು, ಹೊಳೆಯಿಂದ ಮೂರು ಮಾರು ದೂರ, ಕಾಲುವೆಯ ಏರಿಯ ಮೇಲೆ ನಿಂತವನ ಹಾಗೆ ನಿಂತಿದ್ದ. ಬಾ, ನಿನ್ನ ಈಜು ನೋಡೋಣ ಎಂದೆ.

"ನನಗ ಈಜಾಕ ಬರಂಗಿಲ್ಲ" ಎಂದ ಅಪ್ಪ.

ಮುದುಕ ಬಾಯಿಂದ ಬೀಡಿ ತೆಗೆದ. ಕಾಲುವೆಗೆ ಬಿದ್ದ ಎಷ್ಟೋ ಜನರನ್ನು ಎಳೆದು ಹಾಕಿದ ಕಥೆಗಳನ್ನು ಕೇಳಿ ಬೆಳೆದವಳು ನಾನು. ಅವೆಲ್ಲ ಸುಳ್ಳೇ ಎಂದು ಕೇಳಿದೆ. ಸುಳ್ಳಲ್ಲ, ದಂಡೆಯ ಮೇಲೆ ನಿಂತು ಹಗ್ಗ ಹಾಕಿದ್ದು ಎಂದ. ಹಾಗಾದರೆ ಇಷ್ಟು ವರ್ಷ ಯಾಕೆ ಕಲಿಯಲಿಲ್ಲ?

"ನಾ ಎಳದವರೆಲ್ಲಾ ಈಜಾಕ ಬರತಿದ್ದವರ. ಬರಂಗಿಲ್ಲ ಅಂದ್ರ ದಂಡಿ ಮ್ಯಾಲ ಇರತೀವಿ ನೋಡು, ಯವ್ವಾ."

ನನ್ನ ಅಪ್ಪನನ್ನು ನನಗೆ ಗೊತ್ತು ಎಂದುಕೊಂಡಿದ್ದೆ. ಕಾಲುವೆಯವನಿಗೆ ಈಜು ಬರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ, ನಾನೇ ನಂಬಿದ್ದೆ. ಬಸ್ಸಿನಲ್ಲಿ ಗೆಳತಿ ನನ್ನ ನೋಟ್‌ಬುಕ್ಕು ತೆಗೆದು ಆ ಸಾಲನ್ನು ಹೊಡೆದು ಹಾಕಿ, ಇನ್ನೇನೇನು ನೀನೇ ಕಟ್ಟಿದ್ದು ಐತಿ ಇದರಾಗ ಎಂದು ಕೇಳಿದಳು.

ಅಂದು ಸಂಜೆ ಅಪ್ಪನಿಗೆ ಧೈರ್ಯ ಬರಲಿ ಎಂದೇ ಫೋಟೊ ತೋರಿಸಿದೆ. ನೋಡು, ನೀರು ಎಷ್ಟು ಸುಮ್ಮನಿದೆ, ಅಲೆಯೇ ಇಲ್ಲ, ಮರಳು ಎಷ್ಟು ಚಂದ ಇದೆ. ಅಪ್ಪ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಬೆರಳಿನಿಂದ ಅಗಲಿಸಿದ. ಮರಳನ್ನು ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಆಚೆ ದಂಡೆಯ ಬಂಡೆಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಆಮೇಲೆ ಫೋನನ್ನು ನನ್ನ ತೊಡೆಯ ಮೇಲಿಟ್ಟ.

"ಇಲ್ಲಿ ಮಲಗಬ್ಯಾಡ್ರಿ."

"ಯಾಕ?"

"ಕಲ್ಲಿನ ಮ್ಯಾಲ ಗೆರಿ ನೋಡು. ಕೆಳಗ ಕರ್ರಗ ಹಸಿ ಐತಿ, ಮ್ಯಾಲ ಬೆಳ್ಳಗ. ಹಗ್ಗ ಹಿಡದು ಹೊಡದಂಗ. ಇದು ದಿನಾ ಏರಿ ಇಳಿಯೋ ನೀರು. ಮ್ಯಾಲ ಎಲ್ಲೋ ಗೇಟ್ ಐತಿ. ಗೆರಿ ಮರಳಿಗಿಂತ ಎತ್ತರ ಐತಿ."

ಕಾಡಿನ ನಡುವೆ ಗೇಟೇ ಎಂದು ನಕ್ಕೆ. ಆಮೇಲೆ ವಾದಕ್ಕೆ ಕೂತೆ. ಅದು ಮಳೆಗಾಲದ ಪ್ರವಾಹದ ಗುರುತಾಗಿರಬಹುದು. ಮರಗಳ ನೆರಳಾಗಿರಬಹುದು. ಅಷ್ಟಕ್ಕೂ ಒಂದೇ ಒಂದು ಫೋಟೊ ಪುರಾವೆಯಾಗುವುದಿಲ್ಲ. ಕಾಲುವೆಯಲ್ಲೇ ಬದುಕಿದವನಿಗೆ ಎಲ್ಲ ನೀರೂ ಕಾಲುವೆಯಂತೆ ಕಾಣುವುದು ಸಹಜ ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತು. ಮಳೆಗಾಲದ ಗೆರೆಯಾಗಿದ್ದರೆ ಇಷ್ಟೊತ್ತಿಗೆ ಒಣಗಿ ಬೆಳ್ಳಗಾಗಿರಬೇಕಿತ್ತಲ್ಲ ಎಂದು ಅಪ್ಪ ಒಮ್ಮೆ ಅಂದ. ಫೋಟೊ ಯಾವಾಗ ತೆಗೆದದ್ದೋ ನಿನಗೇನು ಗೊತ್ತು ಎಂದೆ. ಗೊತ್ತಿಲ್ಲ ಎಂದು ಒಪ್ಪಿಕೊಂಡ. ನಾನು ಗೆದ್ದಿದ್ದೆ. ಅವ್ವ ಕೂಡ ನನ್ನ ಕಡೆಗೆ ತಲೆಯಾಡಿಸಿದಳು.

ಅಪ್ಪ ಏಳುತ್ತಾ ಹೇಳಿದ, "ಆತು. ನಿನ್ನ ಮಾತ ಖರೇ ಆಗಲಿ. ನನಗೂ ಅದ ಬೇಕಾಗೈತಿ."

ಆ ಮಾತು ನನ್ನನ್ನು ಹಿಡಿದು ಅಲ್ಲಾಡಿಸಿತು. ಚರ್ಚೆ ಕಲಿಸಿದ ಮೇಷ್ಟ್ರು ನಮಗೆ ಒಂದು ಪಾಠ ಪದೇಪದೇ ಹೇಳುತ್ತಿದ್ದರು. ತನಗೆ ಲಾಭವಿರುವ ಮಾತು ಹೇಳುವವನನ್ನು ಅನುಮಾನಿಸಿ. ತನ್ನದೇ ಆಸೆ ಮುರಿಯುವ ಮಾತು ಹೇಳುವವನು ಸಿಕ್ಕರೆ ಸುಮ್ಮನೆ ಕೂತು ಕೇಳಿ. ಆ ನದಿಗೆ ಗೇಟಿದ್ದರೆ ಅಪ್ಪ ನೋಡಬೇಕೆಂದಿದ್ದ ನೀರು ಅದಲ್ಲ. ಮನೆಯಲ್ಲಿ ಆ ಗೆರೆ ಸುಳ್ಳಾಗಬೇಕೆಂದು ಎಲ್ಲರಿಗಿಂತ ಹೆಚ್ಚು ಬಯಸಿದವನು ಅವನೇ. ಅವನೇ ಅದನ್ನು ಓದಿ ಹೇಳಿದ್ದ. ನಾನು ನೆರಳು, ಪ್ರವಾಹ ಎಂದು ಆಟವಾಡಿದ್ದೆ.

ಮರುದಿನ ಬೆಳಿಗ್ಗೆ ಅವನ ಜೊತೆ ಕಾಲುವೆಗೆ ಹೋದೆ. ರಾತ್ರಿ ನೀರು ಇಳಿಸಿದ್ದರು. ಅಪ್ಪ ಏನೂ ವಿವರಿಸಲಿಲ್ಲ, ಒಳಬದಿಯ ಕಲ್ಲು ತೋರಿಸಿದ. ಕೆಳಗೆ ಕಪ್ಪು, ಮೇಲೆ ಧೂಳಿನ ಬಿಳುಪು, ನಡುವೆ ದಾರ ಹಿಡಿದು ಎಳೆದಂತೆ ಗೆರೆ. ಕಪ್ಪಿನ ಮೇಲೆ ಕೈ ಇಟ್ಟೆ. ತಣ್ಣಗೆ ಹಸಿ. ಬಿಳುಪಿನ ಕಡೆ ಒಣಹುಲ್ಲು ಬೇರು ಬಿಟ್ಟಿತ್ತು, ಕಪ್ಪಿನ ಕಡೆ ಒಂದು ಎಸಳೂ ಇರಲಿಲ್ಲ. ಫೋನ್ ತೆಗೆದು ಆ ಫೋಟೊವನ್ನು ಕಲ್ಲಿನ ಪಕ್ಕ ಹಿಡಿದೆ. ಒಂದು ಕಾಡು, ಇನ್ನೊಂದು ವಳಕಮದಿನ್ನಿಯ ಭತ್ತದ ಗದ್ದೆ. ಗೆರೆ ಒಂದೇ. ಇಪ್ಪತ್ತೇಳು ವರ್ಷ ಈ ಕಾಲುವೆಯ ಪಕ್ಕ ಓಡಾಡಿದ್ದೇನೆ, ಈ ಗೆರೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನ ಕಾಲೇಜಿನ ವರಾಂಡದಿಂದ ದೋಣಿಯವರಿಗೆ ಫೋನ್ ಮಾಡಿದೆ. ಗೆಳತಿ ಕಿವಿ ಹತ್ತಿರ ತಂದು ನಿಂತಿದ್ದಳು. ನಿಮ್ಮ ಹೊಳೆಗೆ ಮೇಲೆ ಡ್ಯಾಮಿದೆಯೇ ಎಂದು ಕೇಳಿದೆ. ಹೌದಲ್ಲ ಎಂದರು, ಅದೇನು ಕೇಳುವ ಮಾತೇ ಎನ್ನುವಂತೆ. ಕರೆಂಟಿಗೆ ನೀರು ಬಿಟ್ಟಾಗ, ಹೆಚ್ಚಾಗಿ ಸಂಜೆ ಮೇಲೆ, ಹೊಳೆ ಏರುತ್ತದೆ. ಆ ಮರಳದಿಣ್ಣೆಯ ಮೇಲೆ ಎಷ್ಟು ನೀರು ಬರುತ್ತದೆ ಎಂದೆ. ಸೊಂಟದವರೆಗೆ ಎಂದರು. ಮಧ್ಯಾಹ್ನದ ಊಟಕ್ಕೆ ಮಾತ್ರ ಅಲ್ಲಿ ನಿಲ್ಲಿಸುವುದಂತೆ. ಅದಕ್ಕೇ ಮೇಡಂ ಅವತ್ತು ಬೇಡ ಎಂದದ್ದು, ನೀವು ಹೇಳಲಿಕ್ಕೆ ಬಿಡಲಿಲ್ಲ, ಬಂದ ಮೇಲೆ ಹೇಗೂ ಮೇಲಕ್ಕೇ ಕರೆದುಕೊಂಡು ಹೋಗುತ್ತಿದ್ದೆ ಎಂದರು.

ಹೇಗೂ ಕರೆದುಕೊಂಡು ಹೋಗುತ್ತಿದ್ದರು. ಆದರೆ ಅಲ್ಲಿಯೂ ನಾನಿರುತ್ತಿದ್ದೆ. ನೋಟ್‌ಬುಕ್ಕು ತೆಗೆದು 'ಖಾಯಂ' ತೋರಿಸುತ್ತಿದ್ದೆ. ಹಾವು, ಬೇರು, ಕೊಂಬೆ ಎಂದು ಶುರು ಮಾಡುತ್ತಿದ್ದೆ. ಒಳ್ಳೆಯ ಮನುಷ್ಯರು, ವಾದಕ್ಕೆ ಒಗ್ಗದವರು, ಒಂದು ವೇಳೆ ಒಪ್ಪಿಬಿಟ್ಟಿದ್ದರೆ? ಈಜು ಬರದ ಅಪ್ಪ, ಟೆಂಟಿನ ಚೈನು ಹಾಕಿಕೊಂಡು ಮಲಗಿದ ಮೂವರು, ಸದ್ದಿಲ್ಲದೆ ಏರುವ ನೀರು. ನೋಟ್‌ಬುಕ್ಕು ತೆಗೆದು 'ಖಾಯಂ' ಹೊಡೆದು ಹಾಕಿದೆ. ಸೋತದ್ದಕ್ಕಲ್ಲ. ಇಬ್ಬರು ನನಗೆ ಸರಿಯಾದದ್ದನ್ನೇ ಹೇಳಿದ್ದರು, ಇಬ್ಬರ ಮುಂದೆಯೂ ನಾನು ಗೆದ್ದಿದ್ದೆ.

ಗೆಳತಿ ಕಂಬಕ್ಕೆ ಒರಗಿದಳು. ಆಮೇಲೆ ಅಂದಳು, "ಲೇ, ನಾ ಬರೀ ಮರಳ ಅಂದಿದ್ದೆ. ನೀ ಅದಕ್ಕ ಭಾಷಣ ಸೇರಿಸಿದಿ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ನೀನು ಹೇಳಿದ್ದೇ ಸರಿ ಎಂದೆ. ನನ್ನ ಬಾಯಿಂದ ಆ ಮಾತು ಮನೆಯಲ್ಲಿ ಮೊದಲ ಸಲ ಬಂದದ್ದು, ಅವ್ವ ಒಲೆ ಆರಿಸಿ ಬಂದು ನೋಡಿದಳು. ಅಪ್ಪನ ಮುಖದಲ್ಲಿ ಗೆದ್ದವನ ಯಾವ ಕಳೆಯೂ ಇರಲಿಲ್ಲ. "ಹಂಗಾರ ಅದೂ ಬಿಟ್ಟ ನೀರ" ಎಂದ. ನೀವಿಬ್ಬರೂ ಹೋಗಿ ಬನ್ನಿ, ಮೇಲಿನ ದಂಡೆಯಲ್ಲಿ ಮಲಗಿ, ನಾನು ಒಲ್ಲೆ ಎಂದು ಸೈಕಲ್ ತಗೊಂಡು ಗೇಟಿನ ಕಡೆ ಹೋದ. ಅವನು ಎರವಲಿನ ಜಾಕೆಟ್ಟನ್ನು ಮಡಿಚಿ ಕಟ್ಟೆಯ ಮೇಲಿಟ್ಟಿದ್ದ. ನಿನ್ನೆ ರಾತ್ರಿ ನಾನು ಮಲಗಿದ ಮೇಲೆ ಅದನ್ನು ಮನೆಯೊಳಗೆ ತೊಟ್ಟುಕೊಂಡು ಓಡಾಡಿ ಅಭ್ಯಾಸ ಮಾಡಿದ್ದ ಎಂದು ಅವ್ವ ಆಗ ಹೇಳಿದಳು.

ನಾನು ಮತ್ತೆ ಫೋನ್ ಮಾಡಿದೆ. ಈ ಸಲ ಒಂದೇ ಪ್ರಶ್ನೆ ಕೇಳಿ ಸುಮ್ಮನಿದ್ದೆ. ಅದು ನನಗೆ ಎಷ್ಟು ಕಷ್ಟವೆಂದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ನಿಮ್ಮ ಕಡೆ ಗೇಟಿಲ್ಲದ ಹೊಳೆ ಇದೆಯೇ? ಅವರು ಯೋಚಿಸಿದರು. ತಮ್ಮ ಊರಿನ ಹಿಂದೆ ಕಾಡಿನಿಂದ ಒಂದು ಚಿಕ್ಕ ಹೊಳೆ ಬರುತ್ತದೆ, ಅದಕ್ಕೆ ಯಾರೂ ಏನೂ ಕಟ್ಟಿಲ್ಲ, ಮೊಣಕಾಲಿನಿಂದ ಸೊಂಟದವರೆಗೆ ನೀರು, ನಿಜ ಹೇಳಬೇಕೆಂದರೆ ಮೊದಲ ಸಲದವರಿಗೆ ಅದೇ ಒಳ್ಳೆಯದು, ಆದರೆ ಯಾರೂ ಕೇಳುವುದಿಲ್ಲ ಎಂದರು. ಏಪ್ರಿಲ್? ಏಪ್ರಿಲ್‌ನಲ್ಲಿ ಬರೀ ಕಲ್ಲು. ದೋಣಿ ತೇಲುವುದು ಡಿಸೆಂಬರ್‌ವರೆಗೆ.

ಡಿಸೆಂಬರ್‌ನಲ್ಲಿ ಕಾಲುವೆ ಹರಿಯುತ್ತಿರುತ್ತದೆ. ಗೇಟಿಲ್ಲದ ಹೊಳೆಯಲ್ಲಿ ನೀರಿರುವಾಗ ಗೇಟಿನವನಿಗೆ ರಜೆಯಿಲ್ಲ, ರಜೆ ಸಿಗುವಾಗ ಆ ಹೊಳೆಯಲ್ಲಿ ನೀರಿಲ್ಲ. ಅಪ್ಪ ಈ ವಯಸ್ಸಿನವರೆಗೂ ಅದನ್ನು ನೋಡದಿರುವುದಕ್ಕೆ ಕಾರಣ ಇಷ್ಟು ಸರಳವಾಗಿತ್ತು. ದಾರಿ ತೋರಿಸಿದವಳು ಅವ್ವ. ಮೊದಲನೇ ಬೆಳೆಗೆ ನೀರು ನಿಲ್ಲಿಸಿ ಎರಡನೇ ಬೆಳೆಗೆ ಬಿಡುವ ನಡುವೆ ಡಿಸೆಂಬರ್ ಹೊತ್ತಿಗೆ ಕೆಲವು ವರ್ಷ ಹತ್ತು ಹನ್ನೆರಡು ದಿನ ಕಾಲುವೆ ಬಂದ್ ಇರುತ್ತದೆ, ಆಗ ನಿಮ್ಮಪ್ಪ ಮನೆಯಲ್ಲಿ ಕೂತು ಸಿಟ್ಟಾಗುತ್ತಾನಲ್ಲ ಎಂದಳು. ಯಾವ ದಿನ ಎಂಬುದು ಮಾತ್ರ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ನಮ್ಮ ಹೊಸ ಯೋಜನೆಯಲ್ಲಿ ಎಲ್ಲವೂ ಇತ್ತು, ದಿನಾಂಕ ಇರಲಿಲ್ಲ. ನೀರು ತಾಗದ ಚೀಲ, ಎರಡು ಟಾರ್ಚು, ಹಗ್ಗ, ಒಣ ಬಟ್ಟೆ, ಅರಣ್ಯ ಇಲಾಖೆಯ ಅನುಮತಿಗೆ ಮೂವರ ಗುರುತಿನ ಚೀಟಿ. ಅಪ್ಪನಿಗೆ ಜಾಕೆಟ್ ಕಡ್ಡಾಯ. ಟೆಂಟು ಮೇಲಿನ ದಂಡೆಯಲ್ಲಿ, ಗೇಟಿಲ್ಲದಿದ್ದರೂ ಮೇಲಿನ ದಂಡೆಯಲ್ಲಿ. ಮಳೆ ಬಂದು ಹೋಯಿತು, ಭತ್ತ ನಾಟಿಯಾಯಿತು, ಕೊಯ್ಲಾಯಿತು. ಬಸ್ಸಿನಲ್ಲಿ ಗೆಳತಿ ದಿನಾ ಕೆಣಕುತ್ತಿದ್ದಳು, ಗೇಟಿಲ್ಲದ ಹೊಳಿಗೆ ಹೋಗಾಕ ಗೇಟ್ ಯಾವಾಗ ಹಾಕತಾರ ಅಂತ ಕಾಯಾಕತ್ತೀವಲ್ಲ ಎಂದು. ಡಿಸೆಂಬರ್‌ನ ಮೊದಲ ವಾರ ಹಾಕಿದರು. ರಜೆಯ ಅರ್ಜಿ ನಾನು ಬರೆದೆ. ಕಾರಣದ ಮುಂದೆ ವೈಯಕ್ತಿಕ ಕೆಲಸ ಎಂದಿದ್ದೆ. ಅಪ್ಪ ಅದನ್ನು ಓದಿಸಿಕೊಂಡು, ಖರೇ ಬರಿ ಎಂದ. 'ಹೊಳೆ ನೋಡಲು' ಎಂದು ಬರೆದೆ. ಸಾಹೇಬರು ಅದನ್ನು ಎರಡು ಸಲ ಓದಿ, ಪುಣ್ಯಸ್ನಾನವೇ ಎಂದು ಕೇಳಿದರಂತೆ. ಅಲ್ಲ ಎಂದದ್ದಕ್ಕೆ ಇನ್ನೊಮ್ಮೆ ಮುಖ ನೋಡಿ ನಾಲ್ಕು ದಿನ ಕೊಟ್ಟರಂತೆ.

ಹೊಳೆ ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಿತ್ತು. ನಮ್ಮ ಉಪಕಾಲುವೆಯಷ್ಟೇ ಅಗಲ. ಮುಂದಿನ ದೋಣಿಯಲ್ಲಿ ದೋಣಿಯವರು ಮತ್ತು ಅಪ್ಪ, ಹಿಂದಿನದರಲ್ಲಿ ನಾವಿಬ್ಬರು. ಅಪ್ಪ ಜೀಪಿನಲ್ಲೇ ಜಾಕೆಟ್ ತೊಟ್ಟಿದ್ದ. ಎರಡೂ ಅಂಚು ಹಿಡಿದು ಕೂತವನು ಮೊದಲ ತಿರುವಿನವರೆಗೆ ತಲೆಯನ್ನೂ ಆಡಿಸಲಿಲ್ಲ. ನೀರು ಎಲ್ಲೂ ನೇರವಾಗಿ ಹೋಗುತ್ತಿರಲಿಲ್ಲ. ಕಲ್ಲು ಸುತ್ತುತ್ತಿತ್ತು, ಬೇರಿನ ಕೆಳಗೆ ನುಗ್ಗುತ್ತಿತ್ತು, ಒಂದು ಕಡೆ ನಿಂತೇ ಬಿಟ್ಟಿತ್ತು. ಮೂರನೇ ತಿರುವಿಗೆ ಅಪ್ಪ ಒಂದು ಕೈ ಬಿಟ್ಟು ಬಂಡೆಗಳನ್ನು ತೋರಿಸಿದ. ಪಾಚಿ ಮೇಲಿನಿಂದ ನೀರಿನವರೆಗೂ ಒಂದೇ ಸಮ ಇಳಿದಿತ್ತು. ಗೆರೆ ಇರಲಿಲ್ಲ.

ಸಂಜೆ ಟೆಂಟು ಹಾಕುವಷ್ಟರಲ್ಲಿ ಅವನು ಒಂದು ಕಡ್ಡಿ ಮುರಿದು, ನೀರು ಮುಟ್ಟುವ ಕಡೆ ಕಚ್ಚು ಹಾಕಿ ದಂಡೆಯಂಚಿಗೆ ನೆಟ್ಟ. ಯಾಕೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಎದ್ದಾಗ ಅಪ್ಪ ಆ ಕಡ್ಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಆರು ಗಂಟೆಯಾಗಿರಬೇಕು, ಅವನ ಕೈ ತಾನಾಗಿಯೇ ಜೇಬಿಗೆ ಹೋಗಿ ಫೋನ್ ತೆಗೆದಿತ್ತು. ಸಿಗ್ನಲ್ ಇರಲಿಲ್ಲ. ಇದ್ದರೂ ಹೇಳಬೇಕಾದವರು ಯಾರೂ ಇರಲಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ನೀರು ಕಚ್ಚಿಗಿಂತ ಚೂರು ಕೆಳಗಿತ್ತು. ಬಾಯಿ ಸುಮ್ಮನಿರಲಿಲ್ಲ, ಇದೂ ಇಳಿದಿದೆಯಲ್ಲ ಎಂದೆ.

"ಹ್ಞೂಂ. ಇಳದೈತಿ" ಎಂದ. ನೀರು ಬರುವ ಕಡೆ, ಮರಗಳ ಸಂದಿಯಲ್ಲಿ ಬಹಳ ಹೊತ್ತು ನೋಡಿದ. "ಯಾರೂ ಇಳಿಸಿಲ್ಲ."

ಫೋನ್ ಇನ್ನೂ ಅವನ ಕೈಯಲ್ಲೇ ಇತ್ತು. ನನಗೆ ಹೇಳು ಎಂದು ನೋಟ್‌ಬುಕ್ಕು ತೆಗೆದೆ. ಅಪ್ಪ ಕಡ್ಡಿಯ ಹತ್ತಿರ ಬಗ್ಗಿ, ಸಾಹೇಬರಿಗೆ ಹೇಳುವ ಅದೇ ದನಿಯಲ್ಲಿ ಗೇಜ್ ಹೇಳಿದ.

"ಒಂದು ನೂಲು ಕಡಿಮಿ."

ಬರೆದುಕೊಂಡೆ.